ಬಾನೆಟ್ ಮೇಲಿನ ನಂಬರ್ ಎಂಜಿನ್ನಿನದಲ್ಲ: ಹಳೇ ಲಾರಿ ಎಂಜಿನ್ ಗುರುತಿಸಿ ಕಟ್ಟುವ ಬಗೆ

ಆಲ್ದೂರು ಕಡೆಯ ತೋಟದ ಗೌಡರೊಬ್ಬರು ಒಂದು ಬೆಳಿಗ್ಗೆ ಹಾಸನದ ನಮ್ಮ ಶಾಪಿಗೆ ಬಂದು ಆರು ಪಿಸ್ಟನ್‌ಗಳ ಹೊಸ ಡಬ್ಬಿಯನ್ನು ಮೇಜಿನ ಮೇಲಿಟ್ಟರು. "ಮೇಸ್ತ್ರಿ, ಸಾಮಾನೆಲ್ಲ ನಾನೇ ತಂದಿದ್ದೀನಿ. ನೀವು ಎಂಜಿನ್ ಕಟ್ಟಿಕೊಟ್ಟರೆ ಸಾಕು" ಅಂದರು. ಲಾರಿ ಅವರ ತಂದೆಯವರ ಕಾಲದ ಟಾಟಾ 1210. ತೋಟದಿಂದ ಕ್ಯೂರಿಂಗ್ ವರ್ಕ್ಸಿಗೆ ಕಾಫಿ ಮೂಟೆ ಹೊತ್ತ ಗಾಡಿ, ಎಂಟು ಮಳೆಗಾಲದಿಂದ ಶೆಡ್ಡಿನಲ್ಲೇ ನಿಂತಿತ್ತು. ಬಿಡಿಭಾಗದ ಅಂಗಡಿಯಲ್ಲಿ "1210 ಅಂದರೆ 692 ಎಂಜಿನ್" ಎಂದು ಹೇಳಿ ಸೆಟ್ ಕಟ್ಟಿಕೊಟ್ಟಿದ್ದರು. ನಾವು ಹೆಡ್ ಬಿಚ್ಚಿ ಅಳೆದರೆ ಬೋರು, ಅಂದರೆ ಸಿಲಿಂಡರಿನ ಒಳಗಿನ ಅಗಲ, 97 ಮಿಲಿಮೀಟರ್. ಡಬ್ಬಿಯಲ್ಲಿದ್ದದ್ದು 92ರ ಪಿಸ್ಟನ್.

ಅಂಗಡಿಯವರದು ಸುಳ್ಳಲ್ಲ. 1210ರಲ್ಲಿ 692 ಬರುತ್ತಿದ್ದದ್ದು ನಿಜ. ಆದರೆ ನಲವತ್ತು ವರ್ಷ ದುಡಿದ ಲಾರಿಯಲ್ಲಿ ಕಂಪನಿ ಕೂರಿಸಿದ ಎಂಜಿನ್ನೇ ಇನ್ನೂ ಇದೆ ಎಂದು ಯಾರೂ ಖಾತ್ರಿ ಕೊಡಲಾರರು. ಮಧ್ಯೆ ಯಾವಾಗಲೋ ಎಂಜಿನ್ ಬದಲಾಗಿರುತ್ತದೆ, ಇಲ್ಲವೇ ಬ್ಲಾಕ್ ಒಂದರದು, ಹೆಡ್ ಇನ್ನೊಂದರದು, ಪಂಪ್ ಮತ್ತೊಂದರದು ಸೇರಿರುತ್ತದೆ. ಹಾಗಾಗಿ "ಇದು ಯಾವ ಎಂಜಿನ್?" ಅನ್ನುವ ಒಂದು ಪ್ರಶ್ನೆ ಸಾಲದು. ಬ್ಲಾಕ್ ಯಾವುದು, ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ದಂಡ) ಯಾವುದು, ಅದನ್ನು ಎಷ್ಟು ಸಲ ಗ್ರೈಂಡ್ ಮಾಡಿದ್ದಾರೆ, ಲೈನರ್ (ಪಿಸ್ಟನ್ ಓಡಾಡುವ ಒಳಗಿನ ಕೊಳವೆ) ಈಗ ಎಷ್ಟಿದೆ ಎಂದು ಒಂದೊಂದನ್ನೂ ಬೇರೆಬೇರೆಯಾಗಿ ಕೇಳಬೇಕು. ಉತ್ತರ ಸಿಗುವುದು ಅಳತೆಯಲ್ಲಿ. ಅಲ್ಲಿಯವರೆಗೆ ಒಂದು ಬೋಲ್ಟ್ ಕೂಡ ಕೊಳ್ಳಬೇಡಿ.

ನಂಬರ್ ಓದುವುದು

ಟಾಟಾ ಬಾನೆಟ್ ಮೇಲಿನ ನಂಬರ್ ಇಡೀ ಗಾಡಿಗೆ ಸೇರಿದ್ದು. 1210 ಎಂದರೆ ಲೋಡ್ ಸಮೇತ ಸುಮಾರು 12 ಟನ್ ತೂಕ, ನೂರರ ಆಸುಪಾಸಿನ ಕುದುರೆ ಶಕ್ತಿ. 407 ಎಂದರೆ 4 ಟನ್, ಸುಮಾರು 70 ಕುದುರೆ ಶಕ್ತಿ. ಎಂಜಿನ್ನಿಗೆ ಇರುವ ಹೆಸರೇ ಬೇರೆ, ಅದನ್ನು ಓದುವ ಕ್ರಮವೂ ಬೇರೆ. 692ರಲ್ಲಿ 6 ಎಂದರೆ ಸಿಲಿಂಡರ್ ಸಂಖ್ಯೆ, 92 ಎಂದರೆ ಬೋರಿನ ಅಗಲ ಮಿಲಿಮೀಟರ್‌ನಲ್ಲಿ. 697 ಎಂದರೆ ಆರು ಸಿಲಿಂಡರ್, 97ರ ಬೋರ್. 1986ರಲ್ಲಿ ಬಂದ 407ರ ಎಂಜಿನ್ 497, ಅಂದರೆ ನಾಲ್ಕು ಸಿಲಿಂಡರ್, ಅದೇ 97ರ ಬೋರ್. ಇಷ್ಟು ಗೊತ್ತಿದ್ದರೆ ಗೌಡರ ದುಡ್ಡು ಉಳಿಯುತ್ತಿತ್ತು.

ಬೋರಿನ ಜೊತೆಗೆ ಸ್ಟ್ರೋಕ್ ಅಳೆದರೆ ಅನುಮಾನವೇ ಉಳಿಯುವುದಿಲ್ಲ. ಹೆಡ್ ತೆಗೆದ ಮೇಲೆ ಪಿಸ್ಟನ್ನನ್ನು ಪೂರ್ತಿ ಮೇಲೆ ತಂದು, ಆಮೇಲೆ ಪೂರ್ತಿ ಕೆಳಗೆ ಇಳಿಸಿ, ಎರಡರ ನಡುವಿನ ಆಳ ನೋಡಿ. 692ರಲ್ಲಿ ಅದು 120 ಮಿಲಿಮೀಟರ್, 697ರಲ್ಲಿ 128. ಬೋರಿನ ಅರ್ಧವನ್ನು ಅದರಿಂದಲೇ ಗುಣಿಸಿ, 3.1416ರಿಂದ ಗುಣಿಸಿ, ಸ್ಟ್ರೋಕಿನಿಂದ ಗುಣಿಸಿ, ಕೊನೆಗೆ ಸಿಲಿಂಡರ್ ಸಂಖ್ಯೆಯಿಂದ ಗುಣಿಸಿದರೆ ಸಿಸಿ ಬರುತ್ತದೆ. ಸೆಂಟಿಮೀಟರ್‌ನಲ್ಲಿ ಲೆಕ್ಕ ಹಾಕಬೇಕು, ಅಷ್ಟೇ. 692ಕ್ಕೆ ಸುಮಾರು 4788 ಸಿಸಿ, 697ಕ್ಕೆ 5675 ಸಿಸಿ. ಬೋರಿನಲ್ಲಿ ಐದು, ಸ್ಟ್ರೋಕಿನಲ್ಲಿ ಎಂಟು ಮಿಲಿಮೀಟರ್ ಮಾತ್ರ ಹೆಚ್ಚಿದ್ದರೂ ಎಂಜಿನ್ ಹತ್ತಿರ ಹತ್ತಿರ ಒಂದು ಲೀಟರ್ ದೊಡ್ಡದಾಯಿತು.

ಮಿಲಿಮೀಟರ್ ಲೆಕ್ಕ ಬಂದದ್ದು ಜರ್ಮನಿಯಿಂದ. 1954ರಲ್ಲಿ ಟೆಲ್ಕೋ, ಅಂದರೆ ಈಗಿನ ಟಾಟಾ ಮೋಟಾರ್ಸ್, ಡೈಮ್ಲರ್-ಬೆಂಜ್ ಜೊತೆ ಹದಿನೈದು ವರ್ಷದ ಒಪ್ಪಂದ ಮಾಡಿಕೊಂಡಿತು. ನಮ್ಮ ಹಿರಿಯರು ಇವತ್ತಿಗೂ ಹಳೇ ಟಾಟಾ ಲಾರಿಯನ್ನು "ಬೆಂಜ್ ಲಾರಿ" ಅನ್ನುವುದು ಅದಕ್ಕೇ. 1969ಕ್ಕೆ ಒಪ್ಪಂದ ಮುಗಿದು ಮುಂಭಾಗದ ನಕ್ಷತ್ರ ಹೋದರೂ, ಒಳಗಿನ ವಿನ್ಯಾಸದಲ್ಲಿ ಆ ಮನೆತನದ ಚಹರೆ ಬಹಳ ಕಾಲ ಉಳಿಯಿತು. 697ರ ಬೋರ್, ಸ್ಟ್ರೋಕ್ ಎರಡೂ ಬೆಂಜ್‌ನ ಓಎಂ 352 ಎಂಜಿನ್ನಿನ ಅಳತೆಯೇ.

ಲೇಲ್ಯಾಂಡ್ ದಾರಿ ಬೇರೆ. 1948ರಲ್ಲಿ ಅಶೋಕ್ ಮೋಟಾರ್ಸ್ ಆಗಿ ಶುರುವಾದ ಕಂಪನಿ, 1955ರಲ್ಲಿ ಬ್ರಿಟನ್ನಿನ ಲೇಲ್ಯಾಂಡ್ ಸೇರಿಕೊಂಡ ಮೇಲೆ ಅಶೋಕ್ ಲೇಲ್ಯಾಂಡ್ ಆಯಿತು. ಚೆನ್ನೈ ಪಕ್ಕದ ಎಣ್ಣೂರಿನ ಅದರ ಕಾರ್ಖಾನೆಯಿಂದ ಬಂದ ಹಳೇ ಎಂಜಿನ್‌ಗಳ ಹೆಸರಿನಲ್ಲಿರುವುದು ಇಂಗ್ಲಿಷರ ಅಳತೆ. 370 ಎಂದರೆ ಆರೂ ಸಿಲಿಂಡರ್ ಸೇರಿ 370 ಘನ ಇಂಚು. ಒಂದು ಘನ ಇಂಚಿಗೆ 16.39 ಸಿಸಿ, ಆದ್ದರಿಂದ ಸುಮಾರು ಆರು ಲೀಟರ್. 400 ಎಂದರೆ ಆರೂವರೆ. ಪರ್ಕಿನ್ಸ್ 6.354 ಎರಡನ್ನೂ ಹೇಳುತ್ತದೆ: ಆರು ಸಿಲಿಂಡರ್, 354 ಘನ ಇಂಚು. ತೋಟಗಳಲ್ಲಿ ಇನ್ನೂ ಓಡುವ ಹಳೇ ಪೆಟ್ರೋಲ್ ಜೀಪಿನ ಎಫ್ 134 ಎಂಜಿನ್ನಿನಲ್ಲೂ ಅದೇ ಲೆಕ್ಕ, 134 ಘನ ಇಂಚು, ಅಂದರೆ 2.2 ಲೀಟರ್. ಆದ್ದರಿಂದ 697 ನಂಬರ್ 370ಕ್ಕಿಂತ ದೊಡ್ಡದು ಎಂದು ಎಂಜಿನ್ನೂ ದೊಡ್ಡದು ಅಂದುಕೊಂಡರೆ ತಪ್ಪು.

ಪಾನೆ ಕೂಡ ಮನೆತನ ಹೇಳಿಬಿಡುತ್ತದೆ. ಬೋಲ್ಟಿನ ತಲೆಗೆ 13, 17 ನಂಬರಿನ ಪಾನೆ ಸರಿಯಾಗಿ ಕೂತರೆ ಮೆಟ್ರಿಕ್. 14 ಹತ್ತದೆ 15 ಸಡಿಲವಾದರೆ ಅದು ಒಂಬತ್ತು ಹದಿನಾರಾಂಶ ಇಂಚು, ಅಂದರೆ 14.29 ಮಿಲಿಮೀಟರ್. 19ರ ಪಾನೆಯನ್ನು ಮಾತ್ರ ಸಾಕ್ಷಿಗೆ ಕರೆಯಬೇಡಿ, ಮುಕ್ಕಾಲು ಇಂಚು 19.05 ಆದ್ದರಿಂದ ಅದು ಎರಡಕ್ಕೂ ಕೂರುತ್ತದೆ. ಮೆಟ್ರಿಕ್ ಬ್ಲಾಕಿನ ಒಂದೆರಡು ತೂತುಗಳಲ್ಲಿ ಇಂಚಿನ ಬೋಲ್ಟ್ ಕಂಡರೆ, ಯಾರೋ ಬಲವಂತವಾಗಿ ತಿರುಗಿಸಿ ಥ್ರೆಡ್ ಕೆಡಿಸಿದ್ದಾರೆ ಎಂದೇ ಲೆಕ್ಕ. ಅದನ್ನು ಆಗಲೇ ಬರೆದಿಟ್ಟುಕೊಳ್ಳಿ.

ಇನ್ನು ಬ್ಲಾಕ್ ಮೇಲಿನ ಅಕ್ಷರಗಳು. ಗ್ರೀಸು, ಮಣ್ಣು, ಬಣ್ಣ ಎಲ್ಲವನ್ನೂ ಡೀಸೆಲ್ ಹಚ್ಚಿ ವೈರ್ ಬ್ರಷ್‌ನಿಂದ ಉಜ್ಜಿದರೆ ಎರಡು ಬಗೆಯ ಬರಹ ಕಾಣುತ್ತದೆ. ಉಬ್ಬಿಕೊಂಡಿರುವುದು ಎರಕದ್ದು. ಫೌಂಡ್ರಿಯಲ್ಲಿ ಬ್ಲಾಕ್ ಹುಯ್ದಾಗಲೇ ಬಂದದ್ದು, ಅದು ಬ್ಲಾಕಿನ ಜಾತಿ ಹೇಳುತ್ತದೆ. ಮಟ್ಟಸ ಮಾಡಿದ ಜಾಗದಲ್ಲಿ ಒಳಗಿಳಿದಂತೆ ಇರುವುದು ಪಂಚ್ ಹೊಡೆದ ಎಂಜಿನ್ ನಂಬರ್, ಅದು ಆ ಒಂದು ಎಂಜಿನ್ನಿನ ಗುರುತು. ಆರ್‌ಸಿಯಲ್ಲಿ ಇರಬೇಕಾದದ್ದು ಈ ಎರಡನೆಯದು. ಪಂಚ್ ನಂಬರ್ ಆರ್‌ಸಿಗೆ ತಾಳೆಯಾಗದಿದ್ದರೆ ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಷಯ ಸರಿಮಾಡಿಸಿ, ಗಾಡಿ ಕೆಎ 13 ಇರಲಿ, ಕೆಎ 18 ಇರಲಿ. "ಹಳೇ ನಂಬರ್ ಉಜ್ಜಿ ಹೊಸದು ಹೊಡೆದುಕೊಡ್ತೀವಿ" ಅನ್ನುವವರ ಮಾತಿಗೆ ಕಿವಿ ಕೊಡಬೇಡಿ. ಅದು ಅಪರಾಧ. ಅಕ್ಷರ ಅಳಿಸಿಹೋದಂತಿದ್ದರೆ ಎಮೆರಿ ಕಾಗದ ಹಾಕಬೇಡಿ, ಸೀಮೆಸುಣ್ಣ ಸವರಿ ಓರೆಯಾಗಿ ಟಾರ್ಚ್ ಹಿಡಿಯಿರಿ.

ಬಿಚ್ಚುವ ಮುಂಚೆ

ಓಡುವ ಸ್ಥಿತಿಯಲ್ಲಿರುವ ಎಂಜಿನ್ ಆದರೆ ಬಿಚ್ಚುವ ಮುಂಚೆ ಒಂದು ಗಂಟೆ ಅದರ ಪಕ್ಕ ನಿಲ್ಲಿ. ಕಪ್ಪು ಹೊಗೆ ಬಂದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಅದಕ್ಕೆ ನಾಜಲ್ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಮೂತಿ) ಅಥವಾ ಪಂಪ್ ಕಾರಣವಾಗಿರಬಹುದು, ಕಟ್ಟಿಕೊಂಡ ಏರ್ ಫಿಲ್ಟರ್ ಕೂಡ. ನೀಲಿ ಹೊಗೆ ಆಯಿಲ್ ಉರಿಯುವುದರ ಗುರುತು. ಬೆಳಗಿನ ಬಿಳಿ ಹೊಗೆ ಬಿಸಿಯಾದರೂ ನಿಲ್ಲದಿದ್ದರೆ ಕಂಪ್ರೆಷನ್ ಕಡಿಮೆ, ಇಲ್ಲವೇ ನೀರು ಒಳಗೆ ಹೋಗುತ್ತಿದೆ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಉಗಿಬಂಡಿಯ ಹಾಗೆ ಬುಸುಬುಸು ಗಾಳಿ ಬಂದರೆ ಅದೇ ನಾವು ಹೇಳುವ ಬ್ಯಾಕ್ ಕಂಪ್ರೆಷನ್: ರಿಂಗ್ ದಾಟಿ ಹೊಗೆ ಕೆಳಗಿಳಿಯುತ್ತಿದೆ.

ಗೌಡರ ಲಾರಿ ಸ್ಟಾರ್ಟೇ ಆಗುವ ಸ್ಥಿತಿಯಲ್ಲಿರಲಿಲ್ಲ. ಮಲೆನಾಡಿನಲ್ಲಿ ನಿಂತ ಎಂಜಿನ್ನಿನ ಕಷ್ಟ ಬಯಲುಸೀಮೆಯವರಿಗೆ ಸುಲಭಕ್ಕೆ ತಿಳಿಯದು. ಎಂಜಿನ್ ನಿಂತಾಗ ಯಾವುದಾದರೂ ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವದ ಗಾಳಿ ಅದರೊಳಗೆ ಇಳಿಯುತ್ತದೆ, ರಿಂಗ್ ಕೂತ ಜಾಗದಲ್ಲೇ ಲೈನರಿಗೆ ತುಕ್ಕು ಹಿಡಿಯುತ್ತದೆ. ಅಂಥ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆದರೆ ರಿಂಗ್ ಮುರಿಯುತ್ತದೆ. ನಾಜಲ್ ಬಿಚ್ಚಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಬಿಟ್ಟು ಎರಡು ದಿನ ಸುಮ್ಮನಿರಬೇಕು. ಆಮೇಲೆ ಕೈಯಿಂದ ತಿರುಗಿಸಿ ನೋಡಬೇಕು.

ಆಯಿಲ್ ಇಳಿಸುವಾಗ ಅವಸರ ಬೇಡ. ಎಂಜಿನ್ನಿನ ತಳದ ಆಯಿಲ್ ಚೇಂಬರಿನ ಪ್ಲಗ್ಗನ್ನು ಪೂರ್ತಿ ತೆಗೆಯದೆ ಬರೀ ಸಡಿಲ ಮಾಡಿ. ನೀರು ಆಯಿಲ್‌ಗಿಂತ ಭಾರ, ಒಳಗೆ ಇದ್ದರೆ ಮೊದಲು ತೊಟ್ಟಿಕ್ಕುವುದು ಅದೇ. ನಮಗೆ ಆ ದಿನ ಮೊದಲು ಬಂದದ್ದು ಅರ್ಧ ಲೋಟ ಕಂದು ನೀರು.

ಬಿಚ್ಚುವಾಗ ಗುರುತು ಹಾಕುವುದನ್ನು ಮಾತ್ರ ಬಿಡಬೇಡಿ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿಗೂ ಅದರ ಕ್ಯಾಪಿಗೂ ಒಂದೇ ನಂಬರ್ ಇರಬೇಕು, ಕ್ರ್ಯಾಂಕನ್ನು ಬ್ಲಾಕಿಗೆ ಹಿಡಿಯುವ ಮೇನ್ ಬೇರಿಂಗ್ ಕ್ಯಾಪ್‌ಗಳಿಗೂ ಅಷ್ಟೇ. ಕಂಪನಿಯಲ್ಲಿ ಕ್ಯಾಪನ್ನು ಬಿಗಿದು ಎರಡನ್ನೂ ಜೊತೆಯಲ್ಲೇ ಬೋರ್ ಮಾಡಿರುತ್ತಾರೆ. ಮೂರರ ಕ್ಯಾಪನ್ನು ನಾಲ್ಕಕ್ಕೆ ಹಾಕಿದರೆ ತೂತು ದುಂಡಗಿರುವುದಿಲ್ಲ, ತಿರುಗಿಸಿ ಹಾಕಿದರೂ ಇರುವುದಿಲ್ಲ.

ಇದೇ ಹೊತ್ತಿಗೆ ಎಂಜಿನ್ನಿನ ಹಳೇ ಕಥೆಯೂ ಸಿಗುತ್ತದೆ. ಬೇರಿಂಗ್ ಶೆಲ್, ಅಂದರೆ ಕ್ರ್ಯಾಂಕ್ ತಿರುಗುವ ಅರ್ಧ ಬಳೆಯಂಥ ಬಿಲ್ಲೆ, ತೆಗೆದು ಬೆನ್ನು ತಿರುಗಿಸಿ ಒರೆಸಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಎಸ್‌ಟಿಡಿ (ಸ್ಟ್ಯಾಂಡರ್ಡ್, ಅಂದರೆ ಮೂಲ ಅಳತೆ) ಎಂದೋ, 0.25 ಎಂದೋ, 0.50 ಎಂದೋ ಇರುತ್ತದೆ. ಶಾಪಿನ ಮಾತಿನಲ್ಲಿ 0.25 ಎಂದರೆ ಹತ್ತು ತೌ, 0.50 ಎಂದರೆ ಇಪ್ಪತ್ತು ತೌ; ತೌ ಅಂದರೆ ಇಂಚಿನ ಸಾವಿರದ ಒಂದು ಪಾಲು. ಈ ಎಂಜಿನ್ನಿನ ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳತುದಿ) ಶೆಲ್ಲಿನ ಬೆನ್ನ ಮೇಲೆ 0.50 ಇತ್ತು, ಮೇನ್ ಶೆಲ್ಲಿನ ಮೇಲೆ 0.25. ಅಂದರೆ ಈ ಕ್ರ್ಯಾಂಕ್ ಒಮ್ಮೆಯಾದರೂ ಗ್ರೈಂಡಿಂಗಿಗೆ ಹೋಗಿ ಬಂದಿದೆ. ಪಿಸ್ಟನ್ ತಲೆಯ ಮಸಿ ಕೆರೆದರೆ ಅಲ್ಲೂ ಅಳತೆ ಇರುತ್ತದೆ. ಗೌಡರಿಗೆ ಆ ಶೆಲ್ ತೋರಿಸಿದೆ. "ಅಪ್ಪಾಜಿ ಯಾವಾಗ ಮಾಡಿಸಿದ್ರೋ, ನಮಗೆ ಹೇಳಿರಲಿಲ್ಲ" ಅಂದರು.

ಅಳತೆ

ಲೈನರ್ ಸವೆಯುವುದು ಒಂದೇ ಸಮ ಅಲ್ಲ. ಮೇಲಿನ ರಿಂಗ್ ಹೋಗಿ ತಿರುಗುವ ಜಾಗದಲ್ಲಿ ಸವೆತ ಅತಿ ಹೆಚ್ಚು. ಅಲ್ಲಿ ಬೆಂಕಿ ಹತ್ತಿರ, ಆಯಿಲ್ ತೆಳ್ಳಗಾಗಿರುತ್ತದೆ, ಪಿಸ್ಟನ್ ಒಂದು ಕ್ಷಣ ನಿಂತು ದಿಕ್ಕು ಬದಲಿಸುವುದರಿಂದ ಆಯಿಲ್ ಪದರವೂ ಹರಿಯುತ್ತದೆ. ಅದರ ಮೇಲೆ, ರಿಂಗ್ ಮುಟ್ಟದ ಕಡೆ, ಬೆರಳಿಗೆ ತಡೆಯುವ ಒಂದು ಏಣು ಉಳಿದಿರುತ್ತದೆ. ಉಗುರು ಆ ಏಣಿಗೆ ಸಿಕ್ಕಿಕೊಂಡರೆ ಬರೀ ರಿಂಗ್ ಹಾಕಿ ತಳ್ಳಿಬಿಡುವ ಯೋಚನೆ ಕೈಬಿಡಿ. ಹೊಸ ರಿಂಗ್ ಆ ಏಣಿಗೆ ಬಡಿದು ಒಡೆಯುತ್ತದೆ.

ಎರಡನೆಯದು ಅಂಡಾಕಾರ. ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಪಿಸ್ಟನ್ ಒಂದು ಪಕ್ಕಕ್ಕೆ ಹೆಚ್ಚು ಒತ್ತುತ್ತದೆ, ಎಂಜಿನ್ನಿನ ಅಡ್ಡಕ್ಕೆ ಸವೆತ ಜಾಸ್ತಿ. ಆದ್ದರಿಂದ ಬೋರ್ ಗೇಜ್‌ನಲ್ಲಿ ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಯಬೇಕು. ಒಂದು ಸಿಲಿಂಡರಿಗೆ ಆರು, ಎಂಜಿನ್ನಿಗೆ ಮೂವತ್ತಾರು ಅಳತೆ. ನಾನು ಇದನ್ನು ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತೇನೆ. ಮೂರನೇ ಸಿಲಿಂಡರ್ ಮೇಲೆ ಅಡ್ಡಕ್ಕೆ 97.31, ಕೆಳಗೆ 97.05. ಆರನೆಯದು ಮೇಲೆ 97.38.

ಆರನೆಯದೇ ಯಾಕೆ ಹೆಚ್ಚು? ಬ್ಲಾಕಿನ ನೀರಿನ ದಾರಿ ಮುಚ್ಚುವ ಕೋರ್ ಪ್ಲಗ್ ತೆಗೆದಾಗ ಗೊತ್ತಾಯಿತು. ಘಾಟಿಯಲ್ಲಿ ಬಿಸಿಯಾದಾಗೆಲ್ಲ ಹಳ್ಳದ ನೀರು ತುಂಬಿ ಓಡಿಸಿದ ಗಾಡಿ. ಆ ಮಣ್ಣು, ತುಕ್ಕು ಎಲ್ಲ ನೀರಿನ ಜಾಕೆಟ್‌ನ ಹಿಂದುಗಡೆ ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರ್‌ನಿಂದ ಅಗೆದು ತೆಗೆದದ್ದು ಎರಡು ಬೊಗಸೆ. ಹಿಂದಿನ ಸಿಲಿಂಡರಿಗೆ ತಂಪೇ ಸಿಗುತ್ತಿರಲಿಲ್ಲ. ಇದನ್ನು ತೆಗೆಯದೆ ಹೊಸ ಲೈನರ್ ಹಾಕಿದ್ದರೆ ಅದೂ ಅದೇ ದಾರಿ ಹಿಡಿಯುತ್ತಿತ್ತು. ರೇಡಿಯೇಟರಿಗೆ ಹಾಕಬೇಕಾದದ್ದು ಕೂಲೆಂಟ್, ಮಳೆಗಾಲದ ಕೆಂಪು ನೀರಲ್ಲ.

ಕ್ರ್ಯಾಂಕ್‌ನ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕು, ಯಾಕೆಂದರೆ ಇಲ್ಲಿ ತಪ್ಪಿದರೆ ಉಳಿದದ್ದೆಲ್ಲ ವ್ಯರ್ಥ. ಬೇರಿಂಗಿನೊಳಗೆ ತಿರುಗುವ ಉರುಟು ಭಾಗಗಳಾದ ಜರ್ನಲ್‌ಗಳನ್ನು ಮೈಕ್ರೋಮೀಟರಿನಲ್ಲಿ ಎರಡು ದಿಕ್ಕಿಗೆ ಅಳೆಯಿರಿ. ಗೀರು, ಅಂಡಾಕಾರ ಕಂಡರೆ ಮುಂದಿನ ಅಂಡರ್‌ಸೈಜಿಗೆ ಗ್ರೈಂಡ್ ಮಾಡಿಸಬೇಕು: 0.25, 0.50, 0.75, 1.00 ಹೀಗೆ ಮೆಟ್ಟಿಲು. ಶೆಲ್ ಮತ್ತು ಜರ್ನಲ್ ನಡುವೆ ಆಯಿಲ್‌ಗೆ ಜಾಗ ಬೇಕು. ಜರ್ನಲ್ಲಿನ ಒಂದಿಂಚು ದಪ್ಪಕ್ಕೆ ಸುಮಾರು ಒಂದು ತೌ ಅನ್ನುವುದು ಹಳಬರ ಅಂದಾಜು. ಕೊನೆಯ ಮಾತು ಆ ಎಂಜಿನ್ನಿನ ಮ್ಯಾನ್ಯುಯಲ್‌ದು.

ಅಳತೆಗಿಂತ ಮುಖ್ಯವಾದದ್ದು ಮೂಲೆ. ಜರ್ನಲ್ ಮುಗಿದು ಪಕ್ಕದ ಗೋಡೆ ಏಳುವ ಕಡೆ ಕಂಪನಿಯವರು ಸಣ್ಣ ಬಾಗು ಬಿಟ್ಟಿರುತ್ತಾರೆ, ನಾವು ರೇಡಿಯಸ್ ಅನ್ನುತ್ತೇವೆ. ಕ್ರ್ಯಾಂಕ್ ಪ್ರತಿ ಸುತ್ತಿನಲ್ಲೂ ಕೂದಲೆಳೆಯಷ್ಟು ಬಾಗುತ್ತದೆ. ಆ ಬಾಗುವಿಕೆಯ ಭಾರವೆಲ್ಲ ಮೂಲೆಯ ಮೇಲೆ. ಮೂಲೆ ಉರುಟಾಗಿದ್ದರೆ ಭಾರ ಹಂಚಿಹೋಗುತ್ತದೆ, ಚೂಪಾಗಿದ್ದರೆ ಒಂದೇ ಗೆರೆಯಲ್ಲಿ ಸೇರುತ್ತದೆ. ಗ್ರೈಂಡಿಂಗ್ ಕಲ್ಲಿನ ಅಂಚನ್ನು ಆ ಬಾಗಿಗೆ ಸರಿಯಾಗಿ ತಿದ್ದದೆ ಹೊಡೆದರೆ ಮೂಲೆ ಚೂಪಾಗುತ್ತದೆ. ಹಿಂದೊಮ್ಮೆ ನಾನು ಒಂದು ಶಾಪಿನಿಂದ ಬಂದ ಕ್ರ್ಯಾಂಕನ್ನು, ಅಳತೆ ಸರಿಯಿದೆ ಎಂದು, ಮೂಲೆ ನೋಡದೆ ಕಟ್ಟಿದ್ದೆ. ಆ ಲಾರಿ ಮೂರು ತಿಂಗಳಿಗೆ ದೋಣಿಗಲ್ ಹತ್ತಿರ, ಶಿರಾಡಿಯಿಂದ ಲೋಡ್ ಎಳೆದುಕೊಂಡು ಹತ್ತಿ ಬಂದಾಗ ಕ್ರ್ಯಾಂಕ್ ಎರಡು ತುಂಡಾಗಿ ನಿಂತಿತು. ಮುರಿದ ಮುಖದಲ್ಲಿ ಸಮುದ್ರದ ದಂಡೆಯಲ್ಲಿ ಅಲೆ ಬಿಟ್ಟುಹೋದ ಗೆರೆಗಳಂತೆ ಗೆರೆಗಳಿದ್ದವು, ಎಲ್ಲವೂ ಆ ಮೂಲೆಯಿಂದಲೇ ಶುರು. ಆ ಚಾಲಕ ರಾತ್ರಿಯಿಡೀ ರಸ್ತೆ ಪಕ್ಕ ಕಳೆದದ್ದು ನನಗೆ ಮರೆತಿಲ್ಲ. ಈಗ ಯಾವ ಕ್ರ್ಯಾಂಕ್ ಬಂದರೂ ರೇಡಿಯಸ್ ಗೇಜ್ ಇಟ್ಟು ನೋಡಿದ ಮೇಲೆಯೇ ಒಳಗೆ ಬಿಡುತ್ತೇನೆ.

ಕಟ್ಟುವುದು

ಬ್ಲಾಕನ್ನು ಹೊರಗಿನಿಂದ ತೊಳೆದರೆ ಸಾಲದು. ಆಯಿಲ್ ಗ್ಯಾಲರಿಯ ಪ್ಲಗ್‌ಗಳನ್ನೂ ತೆಗೆದು, ಉದ್ದನೆಯ ಬ್ರಷ್ ಎಳೆದು, ಗಾಳಿ ಹೊಡೆಯಬೇಕು. ಕ್ರ್ಯಾಂಕಿನೊಳಗಿನ ಆಯಿಲ್ ತೂತುಗಳಿಗೂ ಹಾಗೇ ಮಾಡಬೇಕು. ಗ್ರೈಂಡಿಂಗ್ ಪುಡಿ ಅಲ್ಲಿ ಉಳಿದರೆ ಹೊಸ ಶೆಲ್ಲಿಗೆ ಮೊದಲ ಹತ್ತು ನಿಮಿಷದಲ್ಲೇ ಗೀರು ಬೀಳುತ್ತದೆ.

ಹೊಸ ಲೈನರ್ ಕೂರಿಸಿ, ಬೇಕಾದ ಅಳತೆಗೆ ಬೋರ್ ಮಾಡಿ, ಹೋನಿಂಗ್ ಕಲ್ಲಿನಿಂದ ಅಡ್ಡಡ್ಡ ಗೆರೆ ಬಿಡುತ್ತಾರೆ. ನೋಡಲು ಗೀರಿನಂತೆ ಕಾಣುವ ಆ ಗೆರೆಗಳಲ್ಲಿ ಆಯಿಲ್ ನಿಲ್ಲುತ್ತದೆ. ಕನ್ನಡಿಯಂತೆ ನುಣುಪಾಗಿದ್ದರೆ ರಿಂಗ್ ಒಗ್ಗುವುದಿಲ್ಲ. ಆಮೇಲೆ ಬರೀ ರಿಂಗನ್ನು ಲೈನರಿನೊಳಗೆ ಬಿಟ್ಟು, ಪಿಸ್ಟನ್ ತಲೆಯಿಂದ ನೇರವಾಗಿ ತಳ್ಳಿ, ಬಾಯಿಯ ಸಂದನ್ನು ಫೀಲರ್ ಗೇಜ್‌ನಲ್ಲಿ ನೋಡಬೇಕು. 97ರ ಬೋರಿಗೆ ಅಂದಾಜು 0.4 ಮಿಲಿಮೀಟರ್. ಸಂದು ಇಲ್ಲದಿದ್ದರೆ ಬಿಸಿಗೆ ರಿಂಗ್ ಹಿಗ್ಗಿ ಎರಡೂ ತುದಿ ಡಿಕ್ಕಿ ಹೊಡೆದು ಲೈನರನ್ನೇ ಕಿತ್ತುಹಾಕುತ್ತದೆ.

ಮೇನ್ ಕ್ಯಾಪ್‌ಗಳನ್ನು ಒಂದೊಂದಾಗಿ ಟಾರ್ಕ್ ರೆಂಚಿನಲ್ಲಿ ಬಿಗಿದು, ಪ್ರತಿ ಸಲವೂ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ. ಮೂರನೆಯದು ಬಿಗಿದಾಗ ಹಿಡಿದುಕೊಂಡರೆ ತಪ್ಪು ಮೂರನೆಯದರಲ್ಲಿದೆ. ಏಳನ್ನೂ ಒಟ್ಟಿಗೆ ಬಿಗಿದು ಆಮೇಲೆ ಹುಡುಕಲು ಹೊರಟರೆ ದಿನ ಹೋಗುತ್ತದೆ. ಹೆಡ್ ಬೋಲ್ಟ್ ನಡುವಿನಿಂದ ಶುರುಮಾಡಿ ಹೊರಗೆ, ಮೂರು ಸುತ್ತಿನಲ್ಲಿ. ಫ್ಯೂಯಲ್ ಪಂಪ್ ಮತ್ತು ನಾಜಲ್ ಮಾತ್ರ ಕ್ಯಾಲಿಬ್ರೇಷನ್ ಬೆಂಚಿಗೇ ಕಳಿಸಿ. ಹಳಬರ ಬಾಯಲ್ಲಿ "ಮೈಕೋ ಪಂಪ್" ಆಗಿಯೇ ಉಳಿದಿರುವ ಆ ಸೂಕ್ಷ್ಮದ ಸಾಮಾನಿನ ಸೀಲ್ ಒಡೆದು ಸ್ಕ್ರೂ ತಿರುಗಿಸುವುದು ಶಾಪಿನಲ್ಲಿ ಮಾಡುವ ಕೆಲಸವಲ್ಲ.

ಟ್ಯಾಪೆಟ್, ಅಂದರೆ ವಾಲ್ವಿನ ಸಂದು, ಇಡುವುದಕ್ಕೆ ಒಂದು ಸುಲಭದ ಲೆಕ್ಕವಿದೆ. 697ರಲ್ಲಿ ಉರಿಯುವ ಸರದಿ 1-5-3-6-2-4. ಆರು ಸಿಲಿಂಡರ್ ಎಂಜಿನ್ನಿನಲ್ಲಿ 1 ಮತ್ತು 6, 2 ಮತ್ತು 5, 3 ಮತ್ತು 4 ಜೋಡಿಯಾಗಿ ಏರಿಳಿಯುತ್ತವೆ. ಎರಡನ್ನು ಕೂಡಿದರೆ ಯಾವಾಗಲೂ ಏಳು. ಆರನೇ ಸಿಲಿಂಡರಿನ ಎರಡು ವಾಲ್ವ್‌ಗಳಲ್ಲಿ ಒಂದು ಮುಚ್ಚುತ್ತಾ ಇನ್ನೊಂದು ತೆರೆಯುತ್ತಾ ತೂಗಾಡುವ ಹೊತ್ತಿಗೆ, ಒಂದನೇ ಸಿಲಿಂಡರಿನ ಎರಡೂ ವಾಲ್ವ್ ಪೂರ್ತಿ ಮುಚ್ಚಿರುತ್ತವೆ. ಆಗ ಒಂದರ ಸಂದು ಇಡಿ: ತಣ್ಣಗಿರುವಾಗ ಇನ್ಲೆಟ್ 0.20, ಎಕ್ಸಾಸ್ಟ್ 0.30 ಮಿಲಿಮೀಟರ್. ಕ್ರ್ಯಾಂಕನ್ನು ಮೂರನೇ ಒಂದು ಸುತ್ತು ತಿರುಗಿಸಿದರೆ ಎರಡನೇ ಸಿಲಿಂಡರಿನ ವಾಲ್ವ್ ತೂಗಾಡುತ್ತವೆ, ಐದನೆಯದನ್ನು ಇಡಿ. ಹೀಗೆ ಎರಡು ಸುತ್ತಿನಲ್ಲಿ ಆರೂ ಮುಗಿಯುತ್ತವೆ.

ಸ್ಟಾರ್ಟ್ ಮಾಡುವ ಮುಂಚೆ ಡೀಸೆಲ್ ಲೈನಿನ ಏರ್ ತೆಗೆದು, ಡೀಸೆಲ್ ಹೋಗದಂತೆ ಪಂಪಿನ ಸ್ಟಾಪ್ ಎಳೆದಿಟ್ಟು ಸೆಲ್ಫ್ ಹೊಡೆದು ಆಯಿಲ್ ಪ್ರೆಷರ್ ಮುಳ್ಳು ಏಳುವುದನ್ನು ನೋಡಿ. ಒಬ್ಬರು ಗಾಳಿ ಹೋಗುವ ಬಾಯಿಯ ಹತ್ತಿರ ಮಟ್ಟಸವಾದ ದಪ್ಪ ಹಲಗೆ ಹಿಡಿದು ನಿಲ್ಲಲೇಬೇಕು. ಪಂಪಿನ ರ‍್ಯಾಕ್ ಸಿಕ್ಕಿಕೊಂಡು ಎಂಜಿನ್ ತಾನೇ ಓಟ ಕಿತ್ತರೆ ಡೀಸೆಲ್ ಎಂಜಿನ್ನನ್ನು ಕೀಲಿ ತಿರುಗಿಸಿ ನಿಲ್ಲಿಸಲಾಗದು. ಗಾಳಿ ಮುಚ್ಚುವುದೇ ಬೇಗದ ದಾರಿ. ಕೈಯನ್ನಂತೂ ಅಡ್ಡ ಇಡಬೇಡಿ.

ಸ್ಟಾರ್ಟ್ ಆದ ಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಅದು ಒಳ್ಳೆಯದಲ್ಲ. ರಿಂಗ್ ಲೈನರಿಗೆ ಒತ್ತಿಕೊಳ್ಳುವುದು ಉರಿಯುವ ಗಾಳಿಯ ಒತ್ತಡದಿಂದ. ಲೋಡ್ ಇಲ್ಲದಿದ್ದರೆ ಆ ಒತ್ತಡ ಬರುವುದಿಲ್ಲ, ಆಯಿಲ್ ಸುಟ್ಟು ಲೈನರ್ ಮೇಲೆ ಗಾಜಿನಂಥ ಪದರ ಕಟ್ಟುತ್ತದೆ. ಗೌಡರ ಲಾರಿಗೆ ಅರ್ಧ ಲೋಡ್ ಹಾಕಿ, ಬೇಲೂರು ರಸ್ತೆಯಲ್ಲಿ ಹದವಾಗಿ ಓಡಿಸಿ ತಂದೆವು. ತಣಿದ ಮೇಲೆ ಹೆಡ್ ಬೋಲ್ಟ್, ಟ್ಯಾಪೆಟ್ ಮತ್ತೊಮ್ಮೆ ನೋಡಿ, 500 ಕಿಲೋಮೀಟರಿಗೆ ಆಯಿಲ್ ಬದಲಿಸಲು ಹೇಳಿದೆ. 92ರ ಪಿಸ್ಟನ್ ಸೆಟ್ಟನ್ನು ಅಂಗಡಿಯವರು ವಾಪಸ್ ತೆಗೆದುಕೊಂಡರು.

ಲಾರಿ ಹೊರಡುವ ಮುಂಚೆ ಟೂಲ್ ಬಾಕ್ಸ್ ಮುಚ್ಚಳದ ಒಳಬದಿಗೆ ಬಿಳಿ ಪೇಂಟ್‌ನಲ್ಲಿ ಬರೆಸಿದೆವು: "ಎಂಜಿನ್ 697. ಲೈನರ್ ಹೊಸದು, ಎಸ್‌ಟಿಡಿ. ಮೇನ್ 0.50. ಬಿಗ್ ಎಂಡ್ 0.75. ಹೆಡ್ ಒಮ್ಮೆ ಫೇಸಿಂಗ್ ಆಗಿದೆ." ಗೌಡರು ಕೆಳಗೆ ತಾರೀಖು ಹಾಕಿಸಿದರು.